ಬೀಗದ ಕೈ ಯಾರ ಹತ್ತಿರ?

ನೋಡಿ, ಸೈಬರ್ ವಂಚನೆಯ ಸುದ್ದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೆಳಗಡೆ ಕೆಂಪು ಪಟ್ಟಿ ಓಡ್ತಾ ಇರುತ್ತೆ. ನಾನು ಧ್ವನಿ ಏರಿಸಿ "ವೀಕ್ಷಕರೇ, ಎಚ್ಚರ!" ಅಂತೀನಿ. ಜಾಹೀರಾತು ಬರುತ್ತೆ. ಆಮೇಲೆ ಮುಂದಿನ ಸುದ್ದಿ. ಎಚ್ಚರ ಅಂದ್ರೆ ಏನು ಮಾಡ್ಬೇಕು, ಎಲ್ಲಿ ಒತ್ತಬೇಕು, ಯಾವುದನ್ನು ಬಂದ್ ಮಾಡ್ಬೇಕು ಅಂತ ಮಾತ್ರ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ. ಹೇಳೋಕೆ ಟೈಮ್ ಇರಲ್ಲ ಅನ್ನೋದು ಒಂದು ನೆಪ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ತಲ್ಲೂರಿನಿಂದ ಒಂದು ಫೋನ್ ಬಂತು. ಅದಾದ ಮೇಲೆ ಕಲಿತೆ.

ತಲ್ಲೂರು ನನ್ನ ಸೋದರಮಾವನ ಊರು. ಕುಂದಾಪುರದಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಹೊಳೆ ದಾಟಿ ಮುಂದೆ ಬಂದರೆ ಸಿಗುತ್ತೆ. ಹಟ್ಟಿಯಂಗಡಿಯ ಗಣಪತಿ ನೋಡಲು ಹೋದವರಿಗೆ ಈ ಊರು ಗೊತ್ತಿರುತ್ತೆ, ಅಲ್ಲೇ ತಿರುಗಬೇಕು. ಮಾವ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮಗ ಗಲ್ಫಿನಲ್ಲಿ. ಮನೆಯಲ್ಲಿ ಮಾವ, ಅತ್ತೆ, ಒಂದು ನಾಯಿ, ಒಂದು ಕಂಪ್ಯೂಟರ್.

ಫೋನ್ ಮಾಡಿದ್ದು ಅತ್ತೆ. "ಮಗಾ, ಕಂಪ್ಯೂಟರ್ ಒಂದೇ ಸಮ ಕೂಗುಕೆ ಶುರು ಮಾಡ್ತ್. ಇವ್ರು ಎಂತದೋ ನಂಬರಿಗೆ ಫೋನ್ ಮಾಡಿರ್. ಈಗ ಮಾತೇ ಆಡುದಿಲ್ಲ" ಅಂದರು.

ಆಗಿದ್ದು ಇಷ್ಟು. ಮಾವನಿಗೆ ತಾಳಮದ್ದಲೆಯ ಹುಚ್ಚು. ಹಳೆಯ ಪ್ರಸಂಗದ ಆಡಿಯೋ ಹುಡುಕ್ತಾ ಹುಡುಕ್ತಾ ಯಾವುದೋ ಜಾಲತಾಣಕ್ಕೆ ಹೋಗಿದ್ದಾರೆ. ಅದು "ಅಲೋ" ಒತ್ತಿ ಅಂತ ಕೇಳಿದೆ, ಒತ್ತಿದ್ದಾರೆ. ಎರಡು ದಿನ ಕಳೆದ ಮೇಲೆ ಬೆಳಗ್ಗೆ ಹತ್ತು ಗಂಟೆಗೆ ಪರದೆ ತುಂಬಾ ಕೆಂಪು ಬಣ್ಣ, ಆಂಬುಲೆನ್ಸಿನ ಹಾಗೆ ಸೈರನ್, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಬ್ಯಾಂಕ್ ಮಾಹಿತಿ ಸೋರಿಕೆ ಆಗ್ತಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ ಅನ್ನೋ ಬರಹ. ಹೆಸರಾಂತ ಕಂಪನಿಯೊಂದರ ಚಿಹ್ನೆಯೂ ಇತ್ತಂತೆ. ಮಾವ ಕರೆ ಮಾಡಿದರು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿದ. ನಿಮ್ಮ ಕಂಪ್ಯೂಟರಿನಲ್ಲಿ ದೂರದಿಂದ ನೋಡುವ ಇಂಥ ತಂತ್ರಾಂಶ ಇದೆಯಾ ಅಂತ ಕೇಳಿದ. ಇತ್ತು. ಅದರ ಒಂಬತ್ತು ಅಂಕಿ ಓದಿ ಅಂದ. ಓದಿದರು. ಆಮೇಲೆ ಮೌಸಿನ ಬಾಣ ತನ್ನಷ್ಟಕ್ಕೆ ಓಡಾಡಲು ಶುರುವಾಯಿತು. ಅವನು ಏನೇನೋ ಹಾಕಿದ, ಏನೇನೋ ತೆಗೆದ. "ನೀವು ಕಟ್ಟಿದ ಹಣ ವಾಪಸ್ ಬರಬೇಕಿದೆ, ಬ್ಯಾಂಕಿಗೆ ಲಾಗಿನ್ ಆಗಿ" ಅಂದ. ಆದರು. ಒಟ್ಟು ಅರವತ್ತು ಸಾವಿರ ಹೋಯಿತು.

ಈಗ ಕೇಳಿ. ದೂರದಿಂದ ನೋಡುವ ಆ ತಂತ್ರಾಂಶ ಮಾವನ ಕಂಪ್ಯೂಟರಿನಲ್ಲಿ ಹೇಗೆ ಬಂತು? ನಾನೇ ಹಾಕಿದ್ದು ಸ್ವಾಮಿ. ಎರಡು ವರ್ಷದ ಹಿಂದೆ ಆ ಕಂಪ್ಯೂಟರ್ ತಂದುಕೊಟ್ಟವನು ನಾನು. "ಏನಾದ್ರೂ ತೊಂದರೆ ಆದ್ರೆ ಬೆಂಗಳೂರಿನಿಂದಲೇ ನೋಡ್ತೀನಿ ಮಾವ" ಅಂತ ಅದನ್ನು ಹಾಕಿ, ಪರದೆಯ ಮೇಲೆ ಎದ್ದು ಕಾಣುವ ಹಾಗೆ ಇಟ್ಟು ಬಂದಿದ್ದೆ. ಪಾಸ್‌ವರ್ಡ್ ಬೇಡ, ಮರೆತುಹೋಗುತ್ತೆ ಅಂತ ತೆಗೆದುಹಾಕಿದವನೂ ನಾನೇ. ಮಾವನಿಗೆ ಸುಲಭ ಆಗ್ಲಿ ಅಂತ ಮಾಡಿದ್ದೆ. ಸುಲಭ ಆಗಿದ್ದು ಕಳ್ಳನಿಗೆ.

ಅತ್ತೆ ಫೋನ್ ಇಟ್ಟ ಕೂಡಲೇ 1930ಕ್ಕೆ ಕರೆ ಮಾಡಿಸಿದೆ. ದಯವಿಟ್ಟು ಈ ನಂಬರನ್ನು ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ, ಓದೋದನ್ನು ಆಮೇಲೆ ಮುಂದುವರಿಸಿ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ಮಧ್ಯದಲ್ಲಿ ತಡೆಯಲು ಇರುವ ವ್ಯವಸ್ಥೆ ಅದು. ಬೇಗ ಹೇಳಿದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ನಮ್ಮ ವಿಷಯದಲ್ಲಿ ಇಪ್ಪತ್ತೆರಡು ಸಾವಿರ ಹಿಡಿದಿಟ್ಟರು. ಉಳಿದದ್ದು ಹೋಯಿತು. ಬ್ಯಾಂಕ್ ಕೊಡಲ್ವಾ ಅಂತ ಕೇಳಬಹುದು. ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆ ಇದೆ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟ ಇಲ್ಲ ಅನ್ನುತ್ತೆ ಅದು. ಆದರೆ ಗ್ರಾಹಕನೇ ಪಾಸ್‌ವರ್ಡ್, ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದೇ. ಮಾವ ಕೊಟ್ಟಿದ್ದರು.

ಮರುವಾರ ತಲ್ಲೂರಿಗೆ ಹೋದೆ. ಧೋ ಅಂತ ಮಳೆ. ಕಂಪ್ಯೂಟರಿನ ಮೇಲೆ ಒಂದು ಬೈರಾಸು ಹೊದೆಸಿಟ್ಟಿದ್ದರು, ಮನೆಯಲ್ಲಿ ಸಾವಾದರೆ ಕನ್ನಡಿ ಮುಚ್ಚಿಡ್ತಾರಲ್ಲ, ಹಾಗೆ. ಮಾವ ನನ್ನ ಮುಖ ನೋಡಲಿಲ್ಲ. ಅರ್ಧ ಊರಿಗೆ ಲೆಕ್ಕ ಕಲಿಸಿದ ಮನುಷ್ಯ ಅವರು. ದುಡ್ಡಿಗಿಂತ ಆ ಅವಮಾನ ದೊಡ್ಡದು. "ಇನ್ ಅದ್ ಬ್ಯಾಡ ಮಾಣಿ, ತಕಂಡ್ ಹೋಗ್" ಅಂದರು. ಮಗನಿಗೆ ವಿಷಯ ಹೇಳಿರಲಿಲ್ಲ.

ತಗೊಂಡು ಹೋದರೆ ಏನಾಗುತ್ತೆ? ಮೆಸ್ಕಾಂ ಬಿಲ್ ಕಟ್ಟಲು, ಪಹಣಿ ತೆಗೆಯಲು, ಮೊಮ್ಮಗಳ ಮುಖ ನೋಡಲು ಅವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ಬೇಕು. ಇನ್ನೊಬ್ಬರ ಕೈಗೆ ಪಾಸ್‌ವರ್ಡ್ ಕೊಡ್ಬೇಕು. ಅದು ಇನ್ನೂ ಅಪಾಯ. ಹಾಗಾಗಿ ಬೈರಾಸು ತೆಗೆದೆ. ಬೆಂಗಳೂರಿನಲ್ಲಿ ನಮ್ಮ ಕಚೇರಿಯ ಐಟಿ ವಿಭಾಗದ ಹುಡುಗನನ್ನು ಫೋನಿನಲ್ಲಿ ಹಿಡಿದುಕೊಂಡೆ. ಇಡೀ ಮಧ್ಯಾಹ್ನ ಕೂತೆವು.

ಮೊದಲು ಕಂಪ್ಯೂಟರನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಕಳ್ಳ ಏನೇನು ಇಟ್ಟು ಹೋಗಿದ್ದಾನೋ ಯಾರಿಗೆ ಗೊತ್ತು? ಒಂದೊಂದೇ ಹುಡುಕಿ ತೆಗೆಯೋದು ಗೆದ್ದಲು ಹಿಡಿದ ಪಕಾಸಿಗೆ ಬಣ್ಣ ಹೊಡೆದ ಹಾಗೆ. ಫೋಟೋ, ಕಾಗದಪತ್ರ ಮಾತ್ರ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ವೈರಸ್ ಪರೀಕ್ಷೆ ಮಾಡಿ ವಾಪಸ್ ಹಾಕಿದೆವು. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಲ್ಲಲ್ಲ, ನನ್ನ ಫೋನಿನಲ್ಲಿ ಬದಲಿಸಿದೆವು.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ಕುಂದಾಪುರ ಕಡೆಯ ಹಳೆಯ ಮನೆ ನೋಡಿದ್ದೀರಾ? ಅಂಗಳ, ಜಗಲಿ, ಚಾವಡಿ, ಅದರಾಚೆ ಒಳಮನೆ. ಮೀನು ತರುವವಳು ಅಂಗಳದ ತನಕ ಬರ್ತಾಳೆ. ಪೋಸ್ಟಿನವರು ಜಗಲಿಯಲ್ಲಿ ಕೂತು ನೀರು-ಬೆಲ್ಲ ತಗೊಂಡು ಹೋಗ್ತಾರೆ. ನೆಂಟರು ಚಾವಡಿಗೆ. ಒಳಗಿನ ಕಪಾಟಿನ ಬೀಗದ ಕೈ ಮಾತ್ರ ಅತ್ತೆಯ ಸೊಂಟದಲ್ಲಿ. ಯಾರೂ ಯಾರನ್ನೂ ಕಳ್ಳ ಅಂದುಕೊಂಡು ಹೀಗೆ ಮಾಡಿದ್ದಲ್ಲ, ಮನೆ ಅಂದ್ರೆ ಹಾಗೆ ಅಷ್ಟೇ. ಕಂಪ್ಯೂಟರಿನಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಅಂಗಡಿಯಿಂದ ಬಂದಾಗ ಅದು ಆ ರೀತಿ ಇರಲ್ಲ. ವಿಂಡೋಸಿನಲ್ಲಿ ಮೊದಲು ತೆರೆಯುವ ಖಾತೆಯೇ ಅಡ್ಮಿನಿಸ್ಟ್ರೇಟರ್ ಖಾತೆ. ಅಂದ್ರೆ ಮನೆ ಯಜಮಾನ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರೋದು ಅದೊಂದೇ ಖಾತೆ. ಮಾವ ತಾಳಮದ್ದಲೆ ಕೇಳೋದೂ ಅದರಲ್ಲೇ, ಬಿಲ್ ಕಟ್ಟೋದೂ ಅದರಲ್ಲೇ, ಮೊಮ್ಮಗಳು ರಜೆಯಲ್ಲಿ ಬಂದು ಗೇಮ್ ಆಡೋದೂ ಅದರಲ್ಲೇ. ಕಪಾಟಿನ ಬೀಗದ ಕೈಯನ್ನು ಜಗಲಿಯ ಮೊಳೆಗೆ ನೇತುಹಾಕಿದಂತೆ.

ಇದರಿಂದ ಏನಾಗುತ್ತೆ? ನೀವು ಯಾವ ಖಾತೆಯಲ್ಲಿ ಕೂತಿದ್ದೀರೋ, ನೀವು ತಪ್ಪಿ ತೆರೆದ ಕಡತಕ್ಕೂ ಆ ಖಾತೆಯ ಅಧಿಕಾರವೇ ಸಿಗುತ್ತೆ. ಅಡ್ಮಿನಿಸ್ಟ್ರೇಟರ್ ಆಗಿ ಕೂತಿದ್ದರೆ ಹೊಸದೇನಾದರೂ ಒಳಗೆ ಬರುವಾಗ ಪರದೆ ಮಸುಕಾಗಿ "ಎಸ್" "ನೋ" ಅಂತ ಎರಡು ಗುಂಡಿ ತೋರಿಸುತ್ತೆ, ಅಷ್ಟೇ. "ಎಸ್" ಒತ್ತೋದು ನಮಗೆಲ್ಲ ಅಭ್ಯಾಸ ಆಗಿಹೋಗಿದೆ. ಅದೇ ಸ್ಟ್ಯಾಂಡರ್ಡ್ ಯೂಸರ್ ಅನ್ನೋ ಸಾಧಾರಣ ಖಾತೆಯಲ್ಲಿ ಕೂತಿದ್ದರೆ, ಅದೇ ಜಾಗದಲ್ಲಿ ಯಜಮಾನನ ಪಾಸ್‌ವರ್ಡ್ ಕೇಳುತ್ತೆ. ಅಷ್ಟು ಹೊತ್ತಿಗೆ ಮನುಷ್ಯ ಒಂದು ಕ್ಷಣ ನಿಲ್ತಾನೆ. ಅಥವಾ ನಿಲ್ಲಲೇಬೇಕಾಗುತ್ತೆ, ಯಾಕಂದ್ರೆ ಪಾಸ್‌ವರ್ಡ್ ಅವನ ಹತ್ತಿರ ಇರಲ್ಲ.

ಮಾಡೋದು ಹೇಗೆ ಅಂತ ನಿಧಾನಕ್ಕೆ ಹೇಳ್ತೀನಿ, ಕ್ರಮ ತಪ್ಪಿದರೆ ನೀವೇ ಹೊರಗುಳಿದುಬಿಡ್ತೀರಿ. ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್‌ಗೆ ಹೋಗಿ. ಅಲ್ಲಿ "ಅದರ್ ಯೂಸರ್ಸ್" ಅಂತ ಇದೆ, ವಿಂಡೋಸ್ 10ರಲ್ಲಾದರೆ "ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್". ಹೊಸ ಖಾತೆ ಸೇರಿಸಿ. ಇಮೇಲ್ ಕೇಳುತ್ತೆ. ಈ ವ್ಯಕ್ತಿಯ ಮಾಹಿತಿ ನನ್ನ ಹತ್ತಿರ ಇಲ್ಲ ಅನ್ನುವ ಆಯ್ಕೆ, ಅದಾದ ಮೇಲೆ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸು ಅನ್ನುವ ಆಯ್ಕೆ ಹಿಡಿದುಕೊಂಡು ಹೋದರೆ ಹೆಸರು, ಪಾಸ್‌ವರ್ಡ್ ಹಾಕುವ ಜಾಗ ಬರುತ್ತೆ. ಹೊಸ ಖಾತೆ ಸಿದ್ಧ ಆದ ಮೇಲೆ "ಚೇಂಜ್ ಅಕೌಂಟ್ ಟೈಪ್" ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಈಗ ಸೈನ್ ಔಟ್ ಆಗಿ, ಆ ಹೊಸ ಖಾತೆಯೊಳಗೆ ಒಮ್ಮೆ ಹೋಗಿ ನೋಡಿ. ಹೋಗಲು ಆಯ್ತಾ? ಆಗಿದ್ದರೆ ಮಾತ್ರ ಅಲ್ಲಿಂದ ನಿಮ್ಮ ಹಳೆಯ ಖಾತೆಯನ್ನು "ಸ್ಟ್ಯಾಂಡರ್ಡ್ ಯೂಸರ್" ಅಂತ ಬದಲಿಸಿ. ಹಳೆಯ ಫೋಟೋ, ಕಡತ, ಪರದೆಯ ಚಿತ್ರ ಎಲ್ಲ ಮೊದಲಿನಂತೆಯೇ ಇರುತ್ತೆ. ದಿನನಿತ್ಯದ ಕೆಲಸಕ್ಕೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲ್ಲ. ಎರಡೂ ಖಾತೆಗೆ ಪಾಸ್‌ವರ್ಡ್ ಇರಲಿ.

ಯಜಮಾನ ಖಾತೆಯ ಪಾಸ್‌ವರ್ಡನ್ನು ಮಾವನಿಗೆ ಹೇಳಲಿಲ್ಲ. ಅತ್ತೆಗೆ ಹೇಳಿದೆ. ಅತ್ತೆ ಅದನ್ನು ದಿನಸಿ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡರು. ಅಯ್ಯೋ, ಪಾಸ್‌ವರ್ಡ್ ಬರೆದಿಡಬಾರದಲ್ವಾ ಅಂತ ನೀವು ಕೇಳ್ತೀರಿ. ಕಚೇರಿಯಲ್ಲಿ ಬರೆದು ಪರದೆಗೆ ಅಂಟಿಸಬಾರದು, ಸರಿ. ಮನೆಯಲ್ಲಿ, ಅದೂ ವಯಸ್ಸಾದವರ ಮನೆಯಲ್ಲಿ, ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿ ಇಡೋದು ತಪ್ಪು ಅಂತ ನನಗನಿಸಲ್ಲ. ಎಲ್ಲೋ ಕೂತ ಕಳ್ಳ ತಲ್ಲೂರಿನ ಕಪಾಟು ತೆರೆಯಲಾರ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್, ಅದೂ ಹುಟ್ಟಿದ ಇಸವಿ ಸೇರಿಸಿ ಇಟ್ಟುಕೊಳ್ಳೋದು ಅದಕ್ಕಿಂತ ನೂರು ಪಾಲು ಕೆಟ್ಟದ್ದು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಇದೊಂದು ಮಾಡಿದರೆ ವಂಚನೆಯೇ ಆಗಲ್ಲ ಅಂತ ನಾನು ಹೇಳ್ತಿಲ್ಲ. ಫೋನಿನಲ್ಲಿ ನಂಬಿಸಿ ಬ್ಯಾಂಕಿಗೆ ಲಾಗಿನ್ ಮಾಡಿಸಿದರೆ ಯಾವ ಖಾತೆಯೂ ತಡೆಯಲ್ಲ. ಅದಕ್ಕೇ ದೂರದಿಂದ ನೋಡುವ ತಂತ್ರಾಂಶವನ್ನು ಮತ್ತೆ ಹಾಕಲೇ ಇಲ್ಲ. ಇಂಥ ತಂತ್ರಾಂಶಗಳ ಮೂಲಕ ಹಣ ದೋಚುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ಸುದ್ದಿಯೂ ನಮ್ಮಲ್ಲಿ ಬಂದಿರಬೇಕು, ನಾನೇ ಓದಿರಬೇಕು! ಈಗ ಮಾವನಿಗೆ ತೊಂದರೆ ಆದರೆ ವಿಡಿಯೋ ಕರೆ ಮಾಡಿ ಫೋನನ್ನು ಪರದೆಗೆ ಹಿಡೀತಾರೆ. ನಾನು ಬಾಯಲ್ಲಿ ಹೇಳ್ತೀನಿ, ಅವರು ಕೈಯಲ್ಲಿ ಮಾಡ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಆಗುತ್ತೆ. ಆಗಲಿ.

ಸೈರನ್ ಕೂಗಿದ ಪರದೆಯ ವಿಷಯ ಹೇಳ್ಬೇಕಲ್ಲ. ಅದು ವೈರಸ್ ಅಲ್ಲ. ಬರೀ ಒಂದು ಜಾಲಪುಟ, ಪರದೆ ತುಂಬ ಹರಡಿಕೊಂಡು ಕೂತಿರುತ್ತೆ. ಕೀಬೋರ್ಡಿನ ಎಡ ಮೂಲೆಯ ಎಸ್ಕೇಪ್ ಗುಂಡಿಯನ್ನು ಎರಡು-ಮೂರು ಸೆಕೆಂಡ್ ಒತ್ತಿಹಿಡಿದರೆ ಅದು ಚಿಕ್ಕದಾಗುತ್ತೆ, ಆಮೇಲೆ ಮುಚ್ಚಬಹುದು. ಅದೂ ಆಗದಿದ್ದರೆ ಕಂಪ್ಯೂಟರನ್ನೇ ಆರಿಸಿ. ಏನೂ ಹಾಳಾಗಲ್ಲ. ತಿರುಗಿ ಹಾಕಿದಾಗ ಹಳೆಯ ಪುಟಗಳನ್ನು ತೆರೆಯಲಾ ಅಂತ ಕೇಳಿದರೆ ಮಾತ್ರ ಬೇಡ ಅನ್ನಿ. ಮಾವನಿಗೆ ಇದನ್ನು ಹೇಳಿದಾಗ ತುಂಬ ಹೊತ್ತು ಸುಮ್ಮನಿದ್ದರು. "ಬರೀ ಒಂದ್ ಗುಂಡಿ ಒತ್ತಿರೆ ಸಾಕಿತ್ತಾ?" ಅಂದರು. ಆ ಪ್ರಶ್ನೆಗೆ ಏನು ಉತ್ತರ ಕೊಡೋದು ಹೇಳಿ.

ಇಂಥ ಪುಟ ಬರಲು ದಾರಿ ಮಾಡಿಕೊಟ್ಟದ್ದು "ಅಲೋ" ಗುಂಡಿ. ಅದನ್ನು ಒತ್ತಿದರೆ, ನೀವು ಆ ಜಾಲತಾಣ ಮುಚ್ಚಿದ ಮೇಲೂ ಅದು ನಿಮಗೆ ಸೂಚನೆ ಕಳಿಸ್ತಾ ಇರಬಹುದು. ಪರದೆಯ ಬಲ ಮೂಲೆಯಲ್ಲಿ ಪುಟ್ಟ ಚೌಕ ಬಂದು "ವೈರಸ್ ಇದೆ" ಅನ್ನುತ್ತಲ್ಲ, ಅದೇ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ ಯಾವ ಜಾಲತಾಣವೂ ಕೇಳದಂತೆ ಬಂದ್ ಮಾಡಿ. ಕೆಳಗೆ ಈಗಾಗಲೇ ಒಪ್ಪಿಗೆ ಕೊಟ್ಟವರ ಪಟ್ಟಿ ಇರುತ್ತೆ. ಮಾವನ ಪಟ್ಟಿಯಲ್ಲಿ ಹದಿನೇಳು ಇದ್ದವು, ಒಂದೂ ಅವರಿಗೆ ಗೊತ್ತಿದ್ದ ಹೆಸರಲ್ಲ. ನಿಮ್ಮದನ್ನು ಒಮ್ಮೆ ತೆರೆದು ನೋಡಿ, ಆಮೇಲೆ ಮಾತಾಡೋಣ. ಅದೇ ಪುಟದ ಹತ್ತಿರ "ಸೇಫ್ ಬ್ರೌಸಿಂಗ್" ಅಂತ ಇದೆ, ಅದನ್ನು "ಎನ್‌ಹ್ಯಾನ್ಸ್ಡ್"ಗೆ ಇಡಿ.

ಕಡತಗಳ ಬಾಲದ ಕಥೆ ಇನ್ನೊಂದು. ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಮುಚ್ಚಿಡುತ್ತೆ, ನೋಡಲು ಚಂದ ಇರ್ಲಿ ಅಂತ. ಹಾಗಾಗಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಅಂತ ಕಳಿಸಿದರೆ ನಿಮಗೆ ಕಾಣೋದು "ಬಿಲ್ ಡಾಟ್ ಪಿಡಿಎಫ್" ಮಾತ್ರ. ಕೊನೆಯ ಇಎಕ್ಸ್‌ಇ ಅಂದ್ರೆ ಅದು ಕಾಗದ ಅಲ್ಲ, ಕೆಲಸ ಮಾಡುವ ಪ್ರೋಗ್ರಾಮ್. ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಒಳಗೆ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಮೇಲೆ ಟಿಕ್ ಹಾಕಿ. ಇನ್ನು ಮುಂದೆ ಬಾಲ ಕಾಣುತ್ತೆ. ಫೋನಿನಲ್ಲಿ ವಾಟ್ಸಾಪಿಗೆ ಮದುವೆ ಕರೆಯೋಲೆ ಅಂತ ಎಪಿಕೆ ಕಡತ ಬರುತ್ತಲ್ಲ, ಅದೂ ಇದೇ ಜಾತಿ. ಕರೆಯೋಲೆ ಚಿತ್ರವಾಗಿ ಬರುತ್ತೆ, ಪಿಡಿಎಫ್ ಆಗಿ ಬರುತ್ತೆ, ಎಪಿಕೆ ಆಗಿ ಬರಲ್ಲ.

ಆಂಟಿವೈರಸ್ ಕೊಳ್ಳಬೇಕಾ ಅಂತ ಎಲ್ಲರೂ ಕೇಳ್ತಾರೆ. ಸಾಮಾನ್ಯ ಮನೆಗೆ ವಿಂಡೋಸಿನಲ್ಲೇ ಇರುವ ಡಿಫೆಂಡರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಅದು ಚಾಲೂ ಇದೆಯಾ, "ಟ್ಯಾಂಪರ್ ಪ್ರೊಟೆಕ್ಷನ್" ಆನ್ ಇದೆಯಾ ಅಂತ ವಿಂಡೋಸ್ ಸೆಕ್ಯುರಿಟಿಯಲ್ಲಿ ನೋಡಿಕೊಳ್ಳಿ. ಆದರೆ ಪೇಟೆಯ ಅಂಗಡಿಯಲ್ಲಿ ಐನೂರು ರೂಪಾಯಿಗೆ ಕದ್ದ ವಿಂಡೋಸ್ ಹಾಕಿಸಿಕೊಂಡಿದ್ದರೆ ಈ ಮಾತು ಅನ್ವಯಿಸಲ್ಲ. ಅದನ್ನು ಹಾಕುವಾಗ ಅವರು ಮೊದಲು ಮಾಡುವ ಕೆಲಸವೇ ಡಿಫೆಂಡರ್ ಆರಿಸೋದು.

ಈಗ 2017ಕ್ಕೆ ಹೋಗೋಣ. ಆ ವರ್ಷ ಎರಡು ಸುದ್ದಿ ಬಂದವು, ಎರಡೂ ನಮ್ಮ ಮನೆಯ ಸೆಟ್ಟಿಂಗ್ಸಿಗೆ ಸಂಬಂಧಪಟ್ಟವು. ಮೇ 12ರಂದು ವನ್ನಾಕ್ರೈ ಅನ್ನೋ ಹಾವಳಿ ಶುರುವಾಯ್ತು. ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳುವ ಕೀಟ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸರ ಕಂಪ್ಯೂಟರುಗಳಿಗೇ ಹೊಡೆತ ಬಿತ್ತು. ಬೇಸರದ ಸಂಗತಿ ಏನು ಗೊತ್ತಾ? ಆ ಕೀಟ ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು. ಎರಡು ತಿಂಗಳ ಮೊದಲು! ಹಾಕಿಕೊಂಡವರು ಬಚಾವಾದರು, "ಆಮೇಲೆ ನೋಡೋಣ" ಅಂದವರು ಸಿಕ್ಕಿಬಿದ್ದರು.

ಮಾವನ ಕಂಪ್ಯೂಟರಿನಲ್ಲೂ ಅಪ್‌ಡೇಟ್ ಆಗದೆ ಏಳು ತಿಂಗಳಾಗಿತ್ತು. ಕಾರಣ ಕೇಳಿದರೆ, ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಹೇಳಲು ಆಗಲ್ಲ. ಅರ್ಧ ಅಪ್‌ಡೇಟಿನಲ್ಲಿ ಕರೆಂಟು ಹೋದರೆ ಹಾಳಾಗುತ್ತೆ ಅಂತ ಮಾವ ಪ್ರತಿ ಸಲ ಮುಂದೂಡ್ತಿದ್ದರು. ಅವರ ಹೆದರಿಕೆ ಸುಳ್ಳಲ್ಲ. ಒಂದು ಸಣ್ಣ ಯುಪಿಎಸ್ ತಂದಿಟ್ಟೆ. ಬೆಂಗಳೂರಿನಲ್ಲಿ ಕೂತು "ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ" ಅನ್ನೋ ನಮ್ಮಂಥವರಿಗೆ ಇದೆಲ್ಲ ಹೊಳೆಯಲ್ಲ. ಅಂದ ಹಾಗೆ, ವಿಂಡೋಸ್ 10 ಬಳಸುವವರಿಗೆ 2025ರ ಅಕ್ಟೋಬರ್ 14ರಿಂದ ಮಾಮೂಲಿ ಅಪ್‌ಡೇಟ್ ನಿಂತಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ, ಭದ್ರತೆಯ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತೆ. ಮಾವನದ್ದು ಹಳೆಯ ಯಂತ್ರ, ವಿಂಡೋಸ್ 11ಕ್ಕೆ ಹತ್ತಲ್ಲ. ನೋಂದಾಯಿಸಿದೆ.

2017ರ ಎರಡನೇ ಸುದ್ದಿ ನಮ್ಮದೇ ರಾಜ್ಯದ್ದು. ಜುಲೈ ತಿಂಗಳ ಕೊನೆಗೆ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೊಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ದೀಪ ಉರಿಯುತ್ತೆ, ಇಂಟರ್ನೆಟ್ ಇಲ್ಲ. ಮಾಲ್‌ವೇರ್ ದಾಳಿ ಅಂತ ಗೊತ್ತಾಯ್ತು. ದಾಳಿಗೆ ಸಿಕ್ಕಿದ್ದು ಯಾವ ಮೊಡೆಮ್‌ಗಳು? ಬಂದ ದಿನದಿಂದ ಪಾಸ್‌ವರ್ಡ್ ಬದಲಿಸದವು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಬೇಗ ಬದಲಿಸಿಕೊಳ್ಳಿ ಅಂತ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು. ಕಂಪ್ಯೂಟರಿಗೆ ಎಷ್ಟು ಬೀಗ ಹಾಕಿದರೂ ಮನೆಗೆ ಇಂಟರ್ನೆಟ್ ಬರೋದು ಆ ಡಬ್ಬಿಯ ಮೂಲಕ. ಅದು ಕಳ್ಳನ ಕೈಯಲ್ಲಿದ್ದರೆ, ನೀವು ಬ್ಯಾಂಕಿನ ವಿಳಾಸ ಟೈಪ್ ಮಾಡಿದಾಗ ನಿಮ್ಮನ್ನು ಬೇರೆಲ್ಲಿಗೋ ಕರೆದೊಯ್ಯಲು ನೋಡಬಹುದು.

ಹಾಗಾಗಿ ಡಬ್ಬಿಯನ್ನು ತಿರುಗಿಸಿ ಅಡಿಯ ಚೀಟಿ ನೋಡಿ. ಅದರಲ್ಲಿ 192.168.1.1 ಅಂತ ಒಂದು ವಿಳಾಸ ಇರುತ್ತೆ, ಕೊನೆಯ ಅಂಕಿಗಳು ಬೇರೆಯೂ ಇರಬಹುದು. ಅದನ್ನು ಬ್ರೌಸರಿನಲ್ಲಿ ಟೈಪ್ ಮಾಡಿದರೆ ಡಬ್ಬಿಯ ಒಳಮನೆ ತೆರೆಯುತ್ತೆ. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಎರಡೂ ಬೇರೆ ಬೇರೆ. ಈ ಗೊಂದಲದಲ್ಲೇ ಎಷ್ಟೋ ಜನ ವೈಫೈದು ಬದಲಿಸಿ ಸುಮ್ಮನಾಗ್ತಾರೆ. ವೈಫೈ ಪಾಸ್‌ವರ್ಡ್ ನಿಮ್ಮ ಫೋನ್ ನಂಬರ್ ಆಗಿದ್ದರೆ ಅದನ್ನೂ ಬದಲಿಸಿ, ಸಂಪರ್ಕ ಕೊಟ್ಟುಹೋದ ಹುಡುಗ ಸಾಮಾನ್ಯವಾಗಿ ಅದನ್ನೇ ಇಟ್ಟಿರ್ತಾನೆ. ಗೂಢಲಿಪಿಯ ಜಾಗದಲ್ಲಿ ಡಬ್ಲ್ಯುಪಿಎ 2 ಅಥವಾ 3 ಇರಲಿ. ಡಬ್ಲ್ಯುಪಿಎಸ್ ಅನ್ನೋದು ಕಂಡರೆ ಆಫ್ ಮಾಡಿ. ಮಾವನ ಮನೆಯಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಅಡ್ಮಿನ್ನೇ. 2017ರಲ್ಲಿ ಆ ಸುದ್ದಿಯನ್ನು ಓದಿದವನು ನಾನು.

ಕರಾವಳಿಯವರಿಗೆ ಇನ್ನೊಂದು ಸೆಟ್ಟಿಂಗ್ ಹೇಳಲೇಬೇಕು. ಇದು ಕಂಪ್ಯೂಟರಿನೊಳಗಿನದ್ದಲ್ಲ, ಕಂಪ್ಯೂಟರಿನಿಂದ ಮಾಡಬಹುದಾದದ್ದು. 2023ರಲ್ಲಿ ದಕ್ಷಿಣ ಕನ್ನಡದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಹಣ ಹೋಯಿತು. ಒಟಿಪಿ ಇಲ್ಲ, ಕರೆ ಇಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಚಿತ್ರ ತೆಗೆದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿದ್ದರು. ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳು ಬದಲಿಸೋಕೆ ಆಗುತ್ತಾ? ಆದರೆ ಬೆರಳಿಗೂ ಬೀಗ ಇದೆ. ಮೈಆಧಾರ್ ಜಾಲತಾಣದಲ್ಲಿ "ಲಾಕ್ ಬಯೋಮೆಟ್ರಿಕ್ಸ್" ಅಂತ ಒಂದು ಆಯ್ಕೆ. ಹಾಕಿಟ್ಟರೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯಲ್ಲ. ತಾಪತ್ರಯ ಇರೋದು ಪಡಿತರ ಅಂಗಡಿಗೆ ಹೋದಾಗ. ಅಲ್ಲಿ ಹೆಬ್ಬೆಟ್ಟು ಬೇಕಲ್ಲ, ಹೋಗುವ ಮೊದಲು ಸ್ವಲ್ಪ ಹೊತ್ತಿಗೆ ತೆರೆಯಬೇಕು. ಅತ್ತೆ ಒಂದು ಸಲ ಮರೆತು ಹೋಗಿ, ಮಳೆಯಲ್ಲಿ ವಾಪಸ್ ಬಂದು, ನನಗೆ ಫೋನಿನಲ್ಲಿ ಚೆನ್ನಾಗಿ ಬೈದಿದ್ದಾರೆ.

ಉಳಿದದ್ದು ಸಣ್ಣಪುಟ್ಟ. ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದೆ. ಎಲ್ಲ ಪಾಸ್‌ವರ್ಡುಗಳ ದಾರಿಯೂ ಇಮೇಲಿನಿಂದಲೇ ಹೋಗೋದು, ಅದಕ್ಕೆ. ಬ್ಯಾಂಕಿನ ಜಾಲತಾಣದಲ್ಲಿ ದಿನದ ವರ್ಗಾವಣೆ ಮಿತಿಯನ್ನು ಐದು ಸಾವಿರಕ್ಕೆ ಇಳಿಸಿದೆ. ಮಾವ ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ ಕಳಿಸೋದು ವರ್ಷಕ್ಕೆ ಒಂದೋ ಎರಡೋ ಸಲ. ಆಗ ಬ್ಯಾಂಕಿಗೇ ಹೋಗಲಿ, ನಾಲ್ಕು ಜನರನ್ನು ಮಾತಾಡಿಸಿದ ಹಾಗೂ ಆಯ್ತು. ಕಾರ್ಡಿನ ಆನ್‌ಲೈನ್ ಬಳಕೆಯನ್ನು ಆಫ್ ಮಾಡಿದೆ. ಗ್ರಾಹಕನೇ ಅದನ್ನು ಆನ್-ಆಫ್ ಮಾಡುವ ಸೌಲಭ್ಯ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ. ಫೋಟೋಗಳ ಪ್ರತಿಯನ್ನು ಒಂದು ಹೊರಗಿನ ಡಿಸ್ಕಿಗೆ ಹಾಕಿ, ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದು ಕಪಾಟಿನಲ್ಲಿಟ್ಟೆ. ಚುಚ್ಚಿಟ್ಟೇ ಬಿಟ್ಟರೆ, ವನ್ನಾಕ್ರೈನಂಥದ್ದು ಬಂದಾಗ ಅದಕ್ಕೂ ಬೀಗ ಬೀಳುತ್ತೆ.

ಇಷ್ಟಕ್ಕೂ ಖರ್ಚಾದದ್ದು ಯುಪಿಎಸ್ ಮತ್ತು ಡಿಸ್ಕಿನ ದುಡ್ಡು ಮಾತ್ರ. ಮಿಕ್ಕಿದ್ದೆಲ್ಲ ಕಂಪ್ಯೂಟರಿನೊಳಗೆ ಮೊದಲಿನಿಂದಲೂ ಇತ್ತು. ಯಾರೂ ತೆರೆದು ನೋಡಿರಲಿಲ್ಲ.

ಹೊರಡುವ ದಿನ ಬೆಳಗ್ಗೆ ಮಾವ ತಾವಾಗಿಯೇ ಕಂಪ್ಯೂಟರಿನ ಮುಂದೆ ಕೂತಿದ್ದರು. ತಾಳಮದ್ದಲೆ ಹಚ್ಚಿರಲಿಲ್ಲ. ಪಹಣಿ ತೆಗೀತಿದ್ದರು. ಮಗನಿಗೆ ವಿಷಯ ಹೇಳಿದ್ರಾ ಅಂತ ಕೇಳಿದೆ. "ಹೇಳ್ವ, ನಿಧಾನ್ಕೆ" ಅಂದರು. ಒತ್ತಾಯ ಮಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ, ಬುಲೆಟಿನ್ ಶುರುವಾಗಲು ಐದು ನಿಮಿಷ ಇರುವಾಗ ಫೋನ್.

"ಹ್ವಾಯ್ ಮಾಣಿ, ಇಲ್ಲ್ ಎಂತದೋ ಪಾಸ್‌ವರ್ಡ್ ಕೇಂತಾ ಇತ್ತ್."

"ಏನು ಮಾಡ್ತಿದ್ರಿ ಮಾವ?"

"ಎಂತ ಇಲ್ಲ. ಒಂದ್ ಪ್ರಸಂಗ ಸಿಕ್ಕಿತ್ತ್. ಪ್ಲೇ ಆಯ್ಕಾರೆ ಎಂತದೋ ಹಾಕ್ಕ್ ಅಂದೇಳಿ ಬಂತ್. ಒತ್ತಿದೆ. ಪಾಸ್‌ವರ್ಡ್ ಕೇಣ್ತ್. ನಿನ್ನತ್ತೆ ಹತ್ರ ಕೇಂಡ್ರೆ ಕೊಡುದಿಲ್ಲ ಅಂತ್ಲ್!"

ಹಿಂದಿನಿಂದ ಅತ್ತೆಯ ದನಿ ಕೇಳಿಸ್ತಿತ್ತು. ಕೊಡಬೇಡಿ ಅಂತ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.